ಅಂಗಡಿಯ ಜಿಮೇಲ್ ಕೀಲಿ ಯಾರ ಹತ್ತಿರ ಇದೆ?

(ಈ ವಾರದ ಪಾಡ್‌ಕಾಸ್ಟ್ ಸಂಚಿಕೆಯ ಅಕ್ಷರರೂಪ)

 

ಒಂದು ಪ್ರಶ್ನೆಯಿಂದ ಶುರು ಮಾಡ್ತೀನಿ. ನಿಮ್ಮ ಮನೆಯಲ್ಲಿ ಯಾರಾದರೂ ಸಣ್ಣದೊಂದು ವ್ಯಾಪಾರ ಮಾಡ್ತಿದ್ದಾರಾ? ಅಪ್ಪನ ಹಾರ್ಡ್‌ವೇರ್ ಅಂಗಡಿ, ಅಕ್ಕನ ಬ್ಲೌಸ್ ಹೊಲಿಗೆ, ಮಾವನ ಟ್ರಾವೆಲ್ಸ್, ಅತ್ತೆಯ ಹೋಳಿಗೆ ಆರ್ಡರ್, ಹೀಗೆ ಏನೋ ಒಂದು. ಆ ವ್ಯಾಪಾರಕ್ಕೆ ಜಿಮೇಲ್ ಅಕೌಂಟ್ ಓಪನ್ ಮಾಡಿಕೊಟ್ಟವರು ಯಾರು? ಫೋಟೊಗಳು, ಬಿಲ್ಲುಗಳು ಗೂಗಲ್ ಡ್ರೈವ್‌ಗೆ ಹೋಗೋ ಹಾಗೆ ಸೆಟ್ ಮಾಡಿಕೊಟ್ಟವರು ಯಾರು? ನನ್ನ ಊಹೆ ಹೇಳಲಾ? ನೀವೇ. ಸಂಬಳ ಇಲ್ಲ, ನೇಮಕಾತಿ ಪತ್ರ ಇಲ್ಲ, ಆದರೆ ನಿಮ್ಮ ಮನೆಯ ಐಟಿ ಡಿಪಾರ್ಟ್‌ಮೆಂಟ್ ನೀವೇ.

ನಾನೂ ಹಾಗೇ. ತುಮಕೂರಿನಲ್ಲಿ ನಮ್ಮ ಚಿಕ್ಕಪ್ಪನದ್ದು ಒಂದು ಜೆರಾಕ್ಸ್ ಮತ್ತು ಡಿಟಿಪಿ ಅಂಗಡಿ ಇದೆ. ಲಗ್ನಪತ್ರಿಕೆ, ಗೃಹಪ್ರವೇಶದ ಕಾರ್ಡು, ತಿಥಿ ಕಾರ್ಡು, ವಿಸಿಟಿಂಗ್ ಕಾರ್ಡು. 2016ರಲ್ಲಿ, ಜಿಯೊ ಬಂದು ಎಲ್ಲರೂ ಇನ್ನೊಂದು ಸಿಮ್ ತಗೊಂಡ ವರ್ಷ ಅದು, ನಾನು ಸೆಕೆಂಡ್ ಪಿಯುಸಿಯಲ್ಲಿದ್ದೆ. ಅಂಗಡಿಗೆ ಜಿಮೇಲ್ ಮಾಡಿಕೊಟ್ಟೆ. ಕಂಪ್ಯೂಟರಿನಲ್ಲಿ ಡ್ರೈವ್ ಹಾಕಿ, ಡಿಸೈನ್ ಫೋಲ್ಡರ್ ತಾನಾಗೇ ಅಪ್‌ಲೋಡ್ ಆಗೋ ಹಾಗೆ ಮಾಡಿದೆ. ರಿಕವರಿ ಫೋನ್ ನಂಬರ್ ಕೇಳ್ತು. ಕೈಯಲ್ಲಿದ್ದ ಹೊಸ ಸಿಮ್ ನಂಬರನ್ನೇ ಕೊಟ್ಟೆ. ಚಿಕ್ಕಪ್ಪ ಖುಷಿಯಾಗಿ ಬೇಕರಿಯಿಂದ ಎಗ್ ಪಫ್ಸ್ ತರಿಸಿದರು. ಅಲ್ಲಿಗೆ ನನ್ನ ಕೆಲಸ ಮುಗೀತು ಅಂದುಕೊಂಡೆ.

ಎರಡು ವರ್ಷ ಆದಮೇಲೆ ಆ ಸಿಮ್ ಬಿಟ್ಟುಬಿಟ್ಟೆ. ಅಂಗಡಿ ಜಿಮೇಲ್‌ಗೆ ಆ ನಂಬರ್ ಕೊಟ್ಟಿದ್ದು ನೆನಪಲ್ಲಿ ಇರಲೇ ಇಲ್ಲ.

ಕೆಲವು ವರ್ಷಗಳ ನಂತರ, ಮದುವೆ ಸೀಸನ್ ಮಧ್ಯದಲ್ಲಿ, ಕರೆಂಟ್ ಏರಿಳಿತವಾಗಿ ಅಂಗಡಿ ಕಂಪ್ಯೂಟರಿನ ಹಾರ್ಡ್ ಡಿಸ್ಕ್ ಹೋಯಿತು. ಹದಿನಾಲ್ಕು ಲಗ್ನಪತ್ರಿಕೆ ಅರ್ಧಂಬರ್ಧ ಆಗಿದ್ದವು. ಚಿಕ್ಕಪ್ಪ ಮಾತ್ರ ಆರಾಮಾಗಿದ್ದರು. ಬೆರಳು ಮೇಲಕ್ಕೆ ತೋರಿಸಿ, ‘ಎಲ್ಲಾ ಮೇಲಿದೆ ಬಿಡೋ, ನೀನೇ ಹಾಕಿಕೊಟ್ಟಿದ್ದೀಯಲ್ಲ’ ಅಂದರು. ಹೊಸ ಕಂಪ್ಯೂಟರ್ ಬಂತು. ಜಿಮೇಲ್ ಪಾಸ್‌ವರ್ಡ್ ಕೇಳ್ತು. ಯಾರಿಗೂ ಗೊತ್ತಿಲ್ಲ! ಇಷ್ಟು ವರ್ಷ ಲಾಗಿನ್ ಆಗಿಯೇ ಇತ್ತು, ಯಾರೂ ಪಾಸ್‌ವರ್ಡ್ ಹಾಕಿಯೇ ಇರಲಿಲ್ಲ. ‘ಫರ್ಗಾಟ್ ಪಾಸ್‌ವರ್ಡ್’ ಒತ್ತಿದರೆ ಓಟಿಪಿ ಕಳಿಸ್ತೀವಿ ಅಂತ ಬಂತು. ಯಾವ ನಂಬರಿಗೆ? ನಾನು ಬಿಟ್ಟ ಆ ನಂಬರಿಗೆ.

ಇಲ್ಲೊಂದು ವಿಷಯ ಹೇಳ್ತೀನಿ, ಬಹಳ ಜನಕ್ಕೆ ಗೊತ್ತಿರಲ್ಲ. ನಾವು ಬಿಟ್ಟ ಮೊಬೈಲ್ ನಂಬರ್ ಸಾಯೋದಿಲ್ಲ. ಬಂದ್ ಆದ ಮೇಲೆ ಕನಿಷ್ಠ 90 ದಿನ ಅದನ್ನ ಇನ್ನೊಬ್ಬರಿಗೆ ಕೊಡೋ ಹಾಗಿಲ್ಲ, ಆಮೇಲೆ ಕೊಡಬಹುದು. ಅಂದ್ರೆ ನನ್ನ ಹಳೇ ನಂಬರ್ ಈಗ ಯಾರದ್ದೋ ಕೈಯಲ್ಲಿದೆ. ಅವರ ಫೋನಿಗೆ ನಮ್ಮ ಅಂಗಡಿಯ ಕೀಲಿ ಬರ್ತಿದೆ.

ಬೇರೆ ದಾರಿ ಕಾಣದೆ ನನ್ನ ಹಳೇ ನಂಬರಿಗೆ ನಾನೇ ಫೋನ್ ಮಾಡಿದೆ. ಎತ್ತಿದವರು ಹುಬ್ಬಳ್ಳಿ ಕಡೆಯ ಒಬ್ಬ ಅಜ್ಜಿ. ನನ್ನ ಕತೆಯನ್ನೆಲ್ಲ ಸಮಾಧಾನವಾಗಿ ಕೇಳಿಸಿಕೊಂಡರು. ಆಮೇಲೆ, ‘ತಮ್ಮಾ, ಓಟಿಪಿ ಯಾರಿಗೂ ಹೇಳಬ್ಯಾಡ್ರಿ ಅಂತ ಬ್ಯಾಂಕಿನವ್ರು ಹೇಳ್ಯಾರ. ನಾ ಹೇಳಂಗಿಲ್ಲ’ ಅಂದು ಫೋನ್ ಇಟ್ಟರು. ನಾನು ಕೋಪ ಮಾಡಿಕೊಳ್ಳೋ ಹಾಗೂ ಇರಲಿಲ್ಲ. ಆ ಇಡೀ ಕತೆಯಲ್ಲಿ ಸೆಕ್ಯುರಿಟಿ ವಿಷಯದಲ್ಲಿ ಸರಿಯಾಗಿ ನಡೆದುಕೊಂಡವರು ಅವರೊಬ್ಬರೇ.

ಆಮೇಲೆ ಏನಾಯ್ತು ಅನ್ನೋದಕ್ಕೆ ಬರ್ತೀನಿ. ಅದಕ್ಕೂ ಮುಂಚೆ ಈ ‘ಮೇಲಿದೆ’ ಅನ್ನೋ ಮಾತನ್ನ ಸ್ವಲ್ಪ ಬಿಡಿಸಿ ನೋಡೋಣ.

ಕ್ಲೌಡ್ ಅಂದ್ರೆ ಮೋಡ ಅಂತ ಹೆಸರಿಟ್ಟು ನಮ್ಮನ್ನೆಲ್ಲ ದಾರಿ ತಪ್ಪಿಸಿದ್ದಾರೆ ಅನ್ನೋದು ನನ್ನ ದೂರು. ಮೇಲೆ ಏನೂ ಇಲ್ಲ. ಇನ್ಯಾವುದೋ ಊರಿನ ಕಟ್ಟಡದಲ್ಲಿರೋ ಇನ್ನೊಬ್ಬರ ಕಂಪ್ಯೂಟರ್ ಅದು, ನಾವು ಅದರಲ್ಲಿ ಬಾಡಿಗೆಗೆ ಇದ್ದೀವಿ. ಕಾಂಪ್ಲೆಕ್ಸ್‌ನಲ್ಲಿ ಮಳಿಗೆ ಬಾಡಿಗೆಗೆ ತಗೊಂಡ ಹಾಗೆ. ಕಟ್ಟಡ ಗಟ್ಟಿ ಇರಬೇಕು, ವಾಚ್‌ಮನ್ ಇರಬೇಕು, ಕರೆಂಟ್ ಇರಬೇಕು, ಅದು ಮಾಲೀಕರ ಜವಾಬ್ದಾರಿ. ಆದರೆ ನಿಮ್ಮ ಮಳಿಗೆಯ ಶಟರ್‌ಗೆ ಬೀಗ ಹಾಕೋದು, ಕೀಲಿ ಯಾರಿಗೆ ಕೊಟ್ಟಿದ್ದೀರಿ ಅಂತ ನೆನಪಿಟ್ಟುಕೊಳ್ಳೋದು ನಿಮ್ಮದು. ಕ್ಲೌಡ್ ಕಂಪನಿಗಳು ಇದಕ್ಕೆ ‘ಶೇರ್ಡ್ ರೆಸ್ಪಾನ್ಸಿಬಿಲಿಟಿ’ ಅಂತಾರೆ, ಹಂಚಿಕೊಂಡ ಜವಾಬ್ದಾರಿ. ನಾವೆಲ್ಲ ಓದದೆ ‘ಐ ಅಗ್ರೀ’ ಒತ್ತೋ ಷರತ್ತುಗಳ ಒಳಗಿನ ತಿರುಳು ಇದೇ.

ಹಾಗಾಗಿ ಸಣ್ಣ ವ್ಯಾಪಾರಕ್ಕೆ ಕ್ಲೌಡ್‌ನಿಂದ ತೊಂದರೆ ಅಂದ್ರೆ ಸಿನಿಮಾದಲ್ಲಿ ತೋರಿಸೋ ಹಾಗೆ ಕಪ್ಪು ಹುಡಿ ಹಾಕಿಕೊಂಡ ಹ್ಯಾಕರ್ ಗೂಗಲ್ ಗೋಡೆ ಒಡೆದು ಒಳಗೆ ಬರೋದು ಅಲ್ಲ. ಅವನು ಬರೋದು ಬಾಗಿಲಿನಿಂದಲೇ, ನಮ್ಮದೇ ಕೀಲಿಯಿಂದ.

ಇದಕ್ಕೆ ನನಗೆ ಯಾವಾಗಲೂ ನೆನಪಾಗೋದು ಕೋಡ್ ಸ್ಪೇಸಸ್ ಅನ್ನೋ ಕಂಪನಿ. ಸಾಫ್ಟ್‌ವೇರ್ ಬರೆಯೋರ ಕೋಡ್ ಇಟ್ಟುಕೊಳ್ಳೋ ಸಣ್ಣ ಕಂಪನಿ ಅದು. ಅವರದ್ದೆಲ್ಲ ಅಮೆಜಾನ್ ಕ್ಲೌಡ್‌ನಲ್ಲಿತ್ತು. 2014ರ ಜೂನ್ 17ರಂದು ಅವರ ವೆಬ್‌ಸೈಟ್ ಮೇಲೆ ಮೊದಲು ದಾಳಿ ಆಯಿತು. ನೋಡಿದರೆ ಯಾರೋ ಅವರ ಅಮೆಜಾನ್ ಕಂಟ್ರೋಲ್ ಪ್ಯಾನೆಲ್‌ಗೇ ಲಾಗಿನ್ ಆಗಿ, ದುಡ್ಡಿಗಾಗಿ ಸಂಪರ್ಕಿಸಿ ಅಂತ ಸಂದೇಶ ಬಿಟ್ಟು ಹೋಗಿದ್ದಾರೆ. ಕಂಪನಿಯವರು ಗಾಬರಿಯಲ್ಲಿ ಪಾಸ್‌ವರ್ಡ್ ಬದಲಾಯಿಸೋಕೆ ಹೋದರು. ಆದರೆ ಒಳಗೆ ಕೂತಿದ್ದವನು ಅಷ್ಟರಲ್ಲಾಗಲೇ ತನಗೆ ಬೇರೆ ಲಾಗಿನ್‌ಗಳನ್ನ ಮಾಡಿಟ್ಟುಕೊಂಡಿದ್ದ. ಇವರು ಬೀಗ ಬದಲಾಯಿಸ್ತಿದ್ದಾರೆ ಅಂತ ಗೊತ್ತಾದ ಕೂಡಲೇ ಒಂದೊಂದಾಗಿ ಅಳಿಸೋಕೆ ಶುರು ಮಾಡಿದ. ಸುಮಾರು 12 ಗಂಟೆ. ಡೇಟಾ ಹೋಯಿತು, ಬ್ಯಾಕಪ್ ಹೋಯಿತು, ಬೇರೆ ಕಡೆ ಇಟ್ಟಿದ್ದೀವಿ ಅಂದುಕೊಂಡಿದ್ದ ಬ್ಯಾಕಪ್‌ನಲ್ಲೂ ಬಹುಪಾಲು ಹೋಯಿತು. ಕಂಪನಿ ಬಾಗಿಲು ಹಾಕಿತು.

ಗಮನಿಸಿ, ಅಮೆಜಾನ್‌ನ ಗೋಡೆಗೆ ಒಂದು ಗೀರು ಕೂಡ ಬಿದ್ದಿರಲಿಲ್ಲ. ಒಂದು ಲಾಗಿನ್ ಸಾಕಾಯಿತು.

ಇದು ಹಳೇ ಕತೆ, ಈಗ ಹೀಗೆಲ್ಲ ಆಗಲ್ಲ ಅಂತೀರಾ? 2024ಕ್ಕೆ ಬನ್ನಿ. ಸ್ನೋಫ್ಲೇಕ್ ಅಂತ ದೊಡ್ಡ ಕ್ಲೌಡ್ ಡೇಟಾ ಕಂಪನಿ. ಅದರ ಸುಮಾರು 165 ಗ್ರಾಹಕ ಸಂಸ್ಥೆಗಳ ಡೇಟಾ ಅಪಾಯಕ್ಕೆ ಸಿಕ್ಕಿದ್ದಿರಬಹುದು ಅಂತ ತನಿಖೆ ಮಾಡಿದ ಮ್ಯಾಂಡಿಯಂಟ್ ಹೇಳ್ತು. ಸ್ನೋಫ್ಲೇಕ್‌ನ ಒಳಗೆ ನುಗ್ಗಿದ್ದಲ್ಲ. ಆ ಗ್ರಾಹಕರ ಪಾಸ್‌ವರ್ಡ್‌ಗಳು ಮೊದಲೇ ಕಳುವಾಗಿದ್ದವು, ಕೆಲವು ವರ್ಷಗಳಷ್ಟು ಹಳೆಯವು. ಯಾರೂ ಬದಲಾಯಿಸಿರಲಿಲ್ಲ, ಎರಡನೇ ಹಂತದ ಪರಿಶೀಲನೆಯೂ ಹಾಕಿರಲಿಲ್ಲ. ಕದ್ದದ್ದು ಹೇಗೆ ಅಂದ್ರೆ ಇನ್ಫೋಸ್ಟೀಲರ್ ಅನ್ನೋ ಮಾಲ್‌ವೇರ್‌ನಿಂದ. ಬ್ರೌಸರ್‌ನಲ್ಲಿ ನಾವು ‘ಸೇವ್ ಪಾಸ್‌ವರ್ಡ್’ ಅಂತ ಕೊಟ್ಟಿರ್ತೀವಲ್ಲ, ಅವನ್ನೆಲ್ಲ ಗುಡಿಸಿಕೊಂಡು ಹೋಗುತ್ತೆ.

ಈ ಮಾಲ್‌ವೇರ್ ಬರೋ ಒಂದು ಮುಖ್ಯ ದಾರಿ ಯಾವುದು ಗೊತ್ತಾ? ಕ್ರ್ಯಾಕ್ ಮಾಡಿದ ಸಾಫ್ಟ್‌ವೇರ್. ಡಿಟಿಪಿ ಅಂಗಡಿಗಳಲ್ಲಿ, ಸ್ಟುಡಿಯೊಗಳಲ್ಲಿ ಯಾರೋ ಪೆನ್‌ಡ್ರೈವ್‌ನಲ್ಲಿ ತಂದು ‘ಆ್ಯಂಟಿವೈರಸ್ ಒಂದ್ ನಿಮಿಷ ಆಫ್ ಮಾಡಿ ಅಣ್ಣ’ ಅಂತ ಹಾಕಿಕೊಡ್ತಾರಲ್ಲ, ಅದೇ. ನಾನು ಇಲ್ಲಿ ಉಪದೇಶ ಮಾಡೋ ಸ್ಥಿತಿಯಲ್ಲಿಲ್ಲ. ಚಿಕ್ಕಪ್ಪನ ಅಂಗಡಿಗೆ ಹಾಗೆ ಹಾಕಿಕೊಟ್ಟವನೂ ನಾನೇ.

ಇನ್ನೊಂದು ಮಾತಿದೆ. ಹಾಗಾದ್ರೆ ಕಟ್ಟಡಕ್ಕೆ ಏನೂ ಆಗೋದೇ ಇಲ್ವಾ? ಆಗುತ್ತೆ. 2021ರ ಮಾರ್ಚ್ 10ರ ನಸುಕಿನಲ್ಲಿ ಫ್ರಾನ್ಸ್‌ನ ಸ್ಟ್ರಾಸ್‌ಬರ್ಗ್‌ನಲ್ಲಿ ಓವಿಎಚ್ ಕಂಪನಿಯ ಒಂದು ಡೇಟಾ ಸೆಂಟರ್ ಬೆಂಕಿಯಲ್ಲಿ ಸುಟ್ಟೇ ಹೋಯಿತು. ದುಡ್ಡು ಕೊಟ್ಟು ಬ್ಯಾಕಪ್ ತಗೊಂಡಿದ್ದ ಕೆಲವರ ಬ್ಯಾಕಪ್ ಕೂಡ ಅದೇ ಕಟ್ಟಡದಲ್ಲಿತ್ತು. 2023ರ ಆಗಸ್ಟ್‌ನಲ್ಲಿ ಡೆನ್ಮಾರ್ಕ್‌ನ ಕ್ಲೌಡ್‌ನಾರ್ಡಿಕ್ ಅನ್ನೋ ಹೋಸ್ಟಿಂಗ್ ಕಂಪನಿ ಮೇಲೆ ರ‍್ಯಾನ್ಸಮ್‌ವೇರ್ ದಾಳಿ ಆಯಿತು. ಬ್ಯಾಕಪ್ ಸಮೇತ ಎಲ್ಲಕ್ಕೂ ಬೀಗ ಬಿತ್ತು. ದುಡ್ಡು ಕೊಡಲ್ಲ, ಡೇಟಾ ವಾಪಸ್ ತರೋಕೂ ಆಗ್ತಿಲ್ಲ ಅಂತ ಕಂಪನಿಯೇ ಹೇಳಿಬಿಡ್ತು. ಅದನ್ನ ನಂಬಿಕೊಂಡಿದ್ದ ಬಹುತೇಕ ಗ್ರಾಹಕರು ಎಲ್ಲವನ್ನೂ ಕಳೆದುಕೊಂಡರು.

ಇದಕ್ಕೆ ಎದುರಾಗಿ ಆಸ್ಟ್ರೇಲಿಯಾದ ಯೂನಿಸೂಪರ್ ಕತೆ ನೋಡಿ. ಪಿಂಚಣಿ ನಿಧಿ ಅದು, 5 ಲಕ್ಷಕ್ಕೂ ಹೆಚ್ಚು ಸದಸ್ಯರು. 2024ರ ಮೇ ತಿಂಗಳಲ್ಲಿ ಗೂಗಲ್ ಕ್ಲೌಡ್ ಕಡೆಯಿಂದಲೇ ಆದ ಒಂದು ತಪ್ಪಿಗೆ ಅವರ ಪ್ರೈವೇಟ್ ಕ್ಲೌಡ್ ಡಿಲೀಟ್ ಆಯಿತು. ಸೆಟಪ್ ಮಾಡುವಾಗ ಒಂದು ಜಾಗ ಖಾಲಿ ಬಿಟ್ಟಿದ್ದರಂತೆ, ಅಷ್ಟೇ! ಎರಡು ಕಡೆ ಇಟ್ಟಿದ್ದ ಪ್ರತಿಗಳೂ ಒಟ್ಟಿಗೇ ಹೋದವು. ಅವರನ್ನ ಉಳಿಸಿದ್ದು ಏನು? ಬೇರೆಯಾಗಿ ಇಟ್ಟಿದ್ದ ಇನ್ನೊಂದು ಬ್ಯಾಕಪ್. ಒಂದು ವಾರಕ್ಕೂ ಹೆಚ್ಚು ಪರದಾಡಿದರು, ಆದರೆ ಎದ್ದು ನಿಂತರು.

ಇಲ್ಲಿ ನಾನು ಮಾಡಿದ್ದ ಇನ್ನೊಂದು ತಪ್ಪು ಹೇಳಿಬಿಡ್ತೀನಿ. ಡ್ರೈವ್ ಹಾಕಿಕೊಟ್ಟು ‘ಬ್ಯಾಕಪ್ ಆಯ್ತು ಚಿಕ್ಕಪ್ಪ’ ಅಂದಿದ್ದೆ. ಅದು ಬ್ಯಾಕಪ್ ಅಲ್ಲ, ಸಿಂಕ್. ಸಿಂಕ್ ಅಂದ್ರೆ ಕನ್ನಡಿ. ಈ ಕಡೆ ಏನಾಗುತ್ತೋ ಆ ಕಡೆಯೂ ಅದೇ ಆಗುತ್ತೆ. ಕಂಪ್ಯೂಟರಿನಲ್ಲಿ ಫೈಲ್ ಅಳಿಸಿದರೆ ಡ್ರೈವ್‌ನಲ್ಲೂ ಅಳಿಯುತ್ತೆ, ಟ್ರ್ಯಾಷ್‌ನಲ್ಲಿ 30 ದಿನ ಇದ್ದು ಆಮೇಲೆ ಪೂರ್ತಿ ಹೋಗುತ್ತೆ. ಕಂಪ್ಯೂಟರಿಗೆ ರ‍್ಯಾನ್ಸಮ್‌ವೇರ್ ಬಂದು ಫೈಲುಗಳನ್ನ ಕೆಡಿಸಿದರೆ ಆ ಕೆಟ್ಟ ಫೈಲುಗಳೇ ಶ್ರದ್ಧೆಯಿಂದ ಅಪ್‌ಲೋಡ್ ಆಗ್ತವೆ. ಹಳೇ ಆವೃತ್ತಿ ತೆಗೆಯೋಕೆ ದಾರಿ ಇದೆ, ಆದರೆ ಅದಕ್ಕೂ ಗಡುವಿದೆ. ತಿಂಗಳಿಗೊಮ್ಮೆ ಒಂದು ಹಾರ್ಡ್ ಡಿಸ್ಕ್‌ಗೆ ಕಾಪಿ ಮಾಡಿ, ವೈರ್ ಕಿತ್ತು, ಮನೆಗೆ ತಂದು ಬೀರುವಿನಲ್ಲಿ ಇಟ್ಟರೆ ಅದು ಬ್ಯಾಕಪ್. ವೈರ್ ಕೀಳೋದು ಮುಖ್ಯ. ಕಂಪ್ಯೂಟರಿಗೆ ಸದಾ ಸಿಕ್ಕಿಸಿಯೇ ಇದ್ದರೆ ಅದಕ್ಕೂ ಅದೇ ಗತಿ.

ಸರಿ, ತುಮಕೂರಿಗೆ ವಾಪಸ್ ಬರೋಣ. ಅಜ್ಜಿ ಫೋನ್ ಇಟ್ಟ ಮೇಲೆ ಎರಡು ದಿನ ಏನೇನೋ ಪ್ರಯತ್ನ ಪಟ್ಟೆವು. ಮುಹೂರ್ತ ಯಾರಿಗೂ ಕಾಯೋದಿಲ್ಲ ನೋಡಿ. ಮೂರು ಮನೆಯವರು ಅಡ್ವಾನ್ಸ್ ವಾಪಸ್ ತಗೊಂಡು ಬೇರೆ ಕಡೆ ಹೋದರು. ಅದರಲ್ಲಿ ಒಬ್ಬರು ಚಿಕ್ಕಪ್ಪನ ಹತ್ತಿರವೇ ಹಿರಿಯ ಮಗನ ಮದುವೆ ಪತ್ರಿಕೆಯನ್ನೂ ಮಾಡಿಸಿದ್ದವರು. ಅವರೇನೂ ಬೈಯಲಿಲ್ಲ. ಚಿಕ್ಕಪ್ಪನೂ ನನಗೆ ಬೈಯಲಿಲ್ಲ. ಅದೇ ಹೆಚ್ಚು ಕಷ್ಟ ಆಯಿತು.

ಮೂರನೇ ದಿನ ಚಿಕ್ಕಮ್ಮ ಒಂದು ಮಾತು ಹೇಳಿದರು: ‘ಪಾಪುವಿನ ಫೋನಲ್ಲಿ ಅಂಗಡಿ ಮೇಲ್ ಬರುತ್ತಲ್ಲೋ, ದಿನಾ ಟುಂಯ್ ಟುಂಯ್ ಅಂತಿರುತ್ತೆ.’ ಅವರ ಹಳೇ ಫೋನ್ ಅದು, ಪರದೆ ಸೀಳಿದೆ, ಮಗು ಕಾರ್ಟೂನ್ ನೋಡೋಕೆ ಕೊಟ್ಟಿದ್ದಾರೆ. ಯಾವತ್ತೋ ಪ್ಲೇ ಸ್ಟೋರ್‌ಗೆ ಬೇಕು ಅಂತ ಅಂಗಡಿ ಜಿಮೇಲ್ ಹಾಕಿದ್ದರು. ಅದನ್ನ ಕೈಯಲ್ಲಿ ಹಿಡಿದು ಮತ್ತೆ ಪ್ರಯತ್ನಿಸಿದರೆ ಪರದೆ ಮೇಲೆ ‘ಇದು ನೀವೇನಾ?’ ಅಂತ ಬಂತು. ‘ಹೌದು’ ಒತ್ತಿದೆವು. ಬಾಗಿಲು ತೆರೆಯಿತು. ಇಷ್ಟು ದಿನ ಅಂಗಡಿಯ ಕೀಲಿ ನಾಲ್ಕು ವರ್ಷದ ಮಗುವಿನ ಕೈಯಲ್ಲಿತ್ತು.

ಒಳಗೆ ಹೋದ ಮೇಲೆ ಇನ್ನೊಂದು ಚಿಂತೆ ಶುರುವಾಯಿತು. ಮೊದಲು ಡಿವೈಸ್ ಪಟ್ಟಿ ನೋಡಿದೆ. ಗೂಗಲ್ ಅಕೌಂಟ್‌ನಲ್ಲಿ ಸೆಕ್ಯುರಿಟಿಗೆ ಹೋದರೆ ‘ಯುವರ್ ಡಿವೈಸಸ್’ ಅಂತ ಇರುತ್ತೆ, ಈಗಲೇ ಬೇಕಾದ್ರೆ ನೋಡಿ. ಅಲ್ಲಿ ಮೂರು ವರ್ಷದ ಹಿಂದೆ ಕೆಲಸ ಬಿಟ್ಟು ಬೆಂಗಳೂರಿಗೆ ಹೋದ ಹುಡುಗನ ಫೋನ್ ಇನ್ನೂ ಇತ್ತು. ಅವನೇನೂ ತಪ್ಪು ಮಾಡಿಲ್ಲ. ಕೇಳಿದರೆ ಅವನಿಗೇ ಗಾಬರಿ, ‘ಅಣ್ಣ, ಆ ಮೇಲ್ ನಾನು ನೋಡೋದೇ ಇಲ್ಲ’ ಅಂದ. ಆದರೆ ಅವನ ಫೋನ್ ಕಳೆದುಹೋಗಿದ್ದರೆ?

ಯಾಕೆ ಭಯ ಆಯ್ತು ಅಂದ್ರೆ, ಇನ್‌ಬಾಕ್ಸ್‌ನಲ್ಲಿ ಇದ್ದದ್ದು ಲಗ್ನಪತ್ರಿಕೆ ಮಾತ್ರ ಅಲ್ಲ. ಜೆರಾಕ್ಸ್ ಅಂಗಡಿ ಅಲ್ವಾ? ‘ಈ ಐಡಿಗೆ ಮೇಲ್ ಮಾಡಿ, ಪ್ರಿಂಟ್ ಕೊಡ್ತೀವಿ’ ಅಂತ ಗೋಡೆ ಮೇಲೆ ಅಂಟಿಸಿದ್ದೀವಿ. ವರ್ಷಗಟ್ಟಲೆ ಊರ ಜನ ಕಳಿಸಿದ ಆಧಾರ್, ಪ್ಯಾನ್, ಮಾರ್ಕ್ಸ್ ಕಾರ್ಡ್, ಬ್ಯಾಂಕ್ ಪಾಸ್‌ಬುಕ್, ಬಾಡಿಗೆ ಕರಾರು, ಆಸ್ಪತ್ರೆ ರಿಪೋರ್ಟ್, ಎಲ್ಲ ಅಲ್ಲೇ ಕೂತಿತ್ತು. ಪ್ರಿಂಟ್ ತಗೊಂಡು ಐದು ರೂಪಾಯಿ ಕೊಟ್ಟು ಹೋದವರು ಅದನ್ನ ಮರೆತಿದ್ದಾರೆ. ಅವರ ಹೆಸರಲ್ಲಿ ಯಾರಾದರೂ ಸಾಲ ಎತ್ತೋಕೆ, ಸಿಮ್ ತಗೊಳ್ಳೋಕೆ ಬೇಕಾದ್ದೆಲ್ಲ ಒಂದೇ ಕಡೆ. ಡ್ರೈವ್‌ನಲ್ಲಿ ಒಂದು ಫೋಲ್ಡರ್ ಅಂತೂ ‘ಎನಿವನ್ ವಿತ್ ದ ಲಿಂಕ್’ ಅಂತ ತೆರೆದೇ ಇತ್ತು. ಯಾರೋ ಗಿರಾಕಿಗೆ ಫೋಟೊ ಕಳಿಸೋಕೆ ಅಂತ ಒಮ್ಮೆ ಮಾಡಿದ್ದು, ಮುಚ್ಚಿಲ್ಲ.

2023ರಲ್ಲಿ ಬಂದ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಹೇಳೋದು, ಜನರ ಮಾಹಿತಿಯನ್ನ ಇಟ್ಟುಕೊಂಡವರು ಅದನ್ನ ಕಾಪಾಡೋಕೆ ತಕ್ಕ ಕ್ರಮ ತಗೋಬೇಕು ಅಂತ. ತಗೊಳ್ಳದಿದ್ದರೆ ದಂಡ 250 ಕೋಟಿ ರೂಪಾಯಿವರೆಗೂ ಹೋಗಬಹುದು. ಅದು ಮೇಲಿನ ಮಿತಿ, ಜೆರಾಕ್ಸ್ ಅಂಗಡಿಗೆ ಅಷ್ಟು ಬೀಳುತ್ತೆ ಅಂತ ನಾನು ಹೇಳ್ತಿಲ್ಲ. ನನಗೆ ಚುಚ್ಚಿದ್ದು ದಂಡದ ಮೊತ್ತವೂ ಅಲ್ಲ. ಆ ಆಧಾರ್‌ಗಳಲ್ಲಿ ಅರ್ಧದಷ್ಟು ಮುಖ ನನಗೆ ಗೊತ್ತಿರೋವು. ಹೈಸ್ಕೂಲ್ ಮೇಷ್ಟ್ರು, ಹಾಲಿನ ಬೂತ್‌ನವರು, ಪಕ್ಕದ ಬೀದಿಯ ಆಂಟಿ.

ಆ ಭಾನುವಾರ ಪೂರ್ತಿ ಕೂತು ತೊಳೆದೆವು. ಪ್ರಿಂಟ್‌ಗೆ ಬಂದ ಮೇಲ್‌ಗಳನ್ನ ಅಳಿಸಿ, ಟ್ರ್ಯಾಷ್ ಖಾಲಿ ಮಾಡಿದೆವು. ಗುರುತಿಲ್ಲದ, ಬೇಡದ ಡಿವೈಸ್‌ಗಳನ್ನ ಸೈನ್ ಔಟ್ ಮಾಡಿದೆ. ಪಾಪುವಿನ ಫೋನನ್ನೂ. ರಿಕವರಿ ನಂಬರ್ ಚಿಕ್ಕಪ್ಪನದ್ದು, ರಿಕವರಿ ಇಮೇಲ್ ಚಿಕ್ಕಮ್ಮನದ್ದು. ನನ್ನದು ಎಲ್ಲೂ ಇಲ್ಲ. ಪ್ರಿಂಟ್‌ಗೆ ಬೇರೆ ಜಿಮೇಲ್, ಅಂಗಡಿ ಲೆಕ್ಕ ಮತ್ತು ಡಿಸೈನ್‌ಗೆ ಬೇರೆ ಜಿಮೇಲ್. ಕೆಲಸದ ಹುಡುಗರಿಗೆ ಗೊತ್ತಿರೋದು ಮೊದಲನೆಯದು ಮಾತ್ರ. ಕ್ರ್ಯಾಕ್ ಸಾಫ್ಟ್‌ವೇರ್ ಹೊಸ ಕಂಪ್ಯೂಟರಿಗೆ ಹಾಕಲಿಲ್ಲ. ಇದಕ್ಕೆ ಚಿಕ್ಕಪ್ಪ ಇವತ್ತಿಗೂ ಗೊಣಗ್ತಾರೆ, ತಿಂಗಳ ಬಾಡಿಗೆ ಕಟ್ಟಬೇಕಲ್ಲ ಅಂತ.

ಮತ್ತೆ ಟೂ ಸ್ಟೆಪ್ ವೆರಿಫಿಕೇಶನ್. ಇದನ್ನ ಹಾಕೋದಕ್ಕೆ ಸೋಮಾರಿತನ ಬೇಡ. ಗೂಗಲ್ 2019ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಫೋನಿಗೆ ಎಸ್ಸೆಮ್ಮೆಸ್‌ನಲ್ಲಿ ಬರೋ ಕೋಡ್ ಒಂದೇ, ಒಟ್ಟಾರೆ ಬಲೆ ಬೀಸೋ ಫಿಶಿಂಗ್ ದಾಳಿಗಳಲ್ಲಿ ಶೇ 96ರಷ್ಟನ್ನ ತಡೆಯಿತು. ನಿಮ್ಮನ್ನೇ ಗುರಿಯಾಗಿಸಿ ಬರೋ ದಾಳಿಗಳಲ್ಲಿ ಮಾತ್ರ ಶೇ 76. ಫೋನ್ ಪರದೆ ಮೇಲೆ ‘ನೀವೇನಾ’ ಅಂತ ಕೇಳೋ ವಿಧಾನ ಅದಕ್ಕಿಂತ ಚೆನ್ನಾಗಿ ಕೆಲಸ ಮಾಡುತ್ತೆ, ಅಲ್ಲಿ ಶೇ 99 ಮತ್ತು ಶೇ 90. ಹಾಕಿದ ಮೇಲೆ ಗೂಗಲ್ ಹತ್ತು ಬ್ಯಾಕಪ್ ಕೋಡ್ ಕೊಡುತ್ತೆ. ಅದನ್ನ ಸ್ಕ್ರೀನ್‌ಶಾಟ್ ತೆಗೆದು ಅದೇ ಡ್ರೈವ್‌ನಲ್ಲಿ ಇಡಬೇಡಿ, ದಯವಿಟ್ಟು. ಕೀಲಿಯನ್ನ ಒಳಗಿಟ್ಟು ಬಾಗಿಲು ಹಾಕಿಕೊಂಡ ಹಾಗೆ. ನಾವು ಎರಡು ಪ್ರಿಂಟ್ ತೆಗೆದೆವು. ಒಂದು ಮನೆಯ ಬೀರುವಿನಲ್ಲಿ, ಎಲ್‌ಐಸಿ ಬಾಂಡ್ ಜೊತೆ. ಇನ್ನೊಂದು ನನ್ನ ಅಪ್ಪನ ಹತ್ತಿರ.

ಇನ್ನೊಂದು ಚಿಕ್ಕ ಎಚ್ಚರಿಕೆ. ಉಚಿತ ಜಾಗ 15 ಜಿಬಿ, ಅಂಗಡಿಗೆ ಅದು ಬೇಗ ತುಂಬುತ್ತೆ. ಇದು ವಂಚಕರಿಗೂ ಗೊತ್ತು. ‘ನಿಮ್ಮ ಸ್ಟೋರೇಜ್ ಫುಲ್, ಇಂದೇ ಅಳಿಸಲಾಗುವುದು, ಇಲ್ಲಿ ಒತ್ತಿ’ ಅಂತ ಮೇಲ್ ಬಂದರೆ ಆ ಲಿಂಕ್ ಒತ್ತಬೇಡಿ. ನೀವೇ ಡ್ರೈವ್ ತೆರೆದು ನೋಡಿ. ಅಕೌಂಟ್ ಕೈತಪ್ಪಿ ದುಡ್ಡು ಹೋಗಿದೆ ಅಂದ್ರೆ ತಡ ಮಾಡದೆ 1930ಕ್ಕೆ ಫೋನ್ ಮಾಡಿ. ಮೊದಲ ಕೆಲವು ಗಂಟೆಗಳಲ್ಲಿ ಹೇಳಿದರೆ ಹಣ ತಡೆಹಿಡಿಯೋ ಸಾಧ್ಯತೆ ಹೆಚ್ಚು.

ಜೆರಾಕ್ಸ್ ಅಂಗಡಿಗೆ ಗಿರಾಕಿಯಾಗಿ ಹೋಗೋರಿಗೂ ಒಂದು ಮಾತು. ಆಗೋ ಕಡೆಯೆಲ್ಲ ಮಾಸ್ಕ್ಡ್ ಆಧಾರ್ ಕಳಿಸಿ, ಕೊನೆಯ 4 ಅಂಕಿ ಮಾತ್ರ ಕಾಣುತ್ತೆ. ಪ್ರಿಂಟ್ ಕೈಗೆ ಬಂದ ಮೇಲೆ ‘ಅಣ್ಣ, ಮೇಲ್ ಡಿಲೀಟ್ ಮಾಡಿ’ ಅನ್ನಿ, ನಿಂತು ನೋಡಿ. ಅಂಗಡಿಯವರು ಬೇಜಾರು ಮಾಡಿಕೊಳ್ಳಲ್ಲ. ನಮ್ಮ ಅಂಗಡಿಯಲ್ಲಿ ಈಗ ಅದನ್ನೇ ಬೋರ್ಡ್ ಮೇಲೆ ಬರೆದಿದ್ದೀವಿ, ಚಿಕ್ಕಪ್ಪ ಲಗ್ನಪತ್ರಿಕೆಯ ಅಕ್ಷರದಲ್ಲೇ ಡಿಸೈನ್ ಮಾಡಿದ್ದಾರೆ, ಮೇಲೆ ಗಣಪತಿ ಬೇರೆ.

ಎಲ್ಲ ಮುಗಿದ ಮೇಲೆ ಹುಬ್ಬಳ್ಳಿ ಅಜ್ಜಿಗೆ ಥ್ಯಾಂಕ್ಸ್ ಹೇಳೋಣ ಅಂತ ಮತ್ತೆ ಫೋನ್ ಮಾಡಿದೆ. ಎತ್ತಲಿಲ್ಲ. ಬಹುಶಃ ನನ್ನ ನಂಬರ್ ಬ್ಲಾಕ್ ಮಾಡಿದ್ದಾರೆ.

ನಿಮ್ಮ ಮನೆಯ ಅಂಗಡಿಯ ರಿಕವರಿ ನಂಬರ್ ಯಾರದ್ದು ಅಂತ ಇವತ್ತು ರಾತ್ರಿ ನೋಡಿ, ಏನು ಸಿಕ್ತು ಅಂತ ನಮಗೆ ಬರೆದು ಕಳಿಸಿ. ನಂಬರ್ ಕಳಿಸಬೇಡಿ, ಕತೆ ಮಾತ್ರ ಸಾಕು. ಮುಂದಿನ ವಾರ ಸಿಗೋಣ.